ಅಕ್ಕಿಯ ಮೇಲೆ ಬರೆದ ಹೆಸರು

ಕ್ಯಾಲಿಫೋರ್ನಿಯಾದ ಟೊರೆನ್ಸಿನ ಆ ಮನೆಗೆ ಯಾರೇ ಬರಲಿ, ಉದಯಶಂಕರ ಅವರನ್ನು ಮೊದಲು ಕೂರಿಸುತ್ತಿರಲಿಲ್ಲ, ಹಾಲ್‌ನ ಗೋಡೆಯ ಮುಂದೆ ನಿಲ್ಲಿಸುತ್ತಿದ್ದ. ಅಲ್ಲಿ ಗಾಜಿನ ಕಟ್ಟಿನೊಳಗೆ ಅವನ ವಂಶವೃಕ್ಷ ತೂಗುತ್ತಿತ್ತು. ಹದಿನಾಲ್ಕು ತಲೆಮಾರು! ಮೂಲಪುರುಷನಿಂದ ಶುರುಮಾಡಿ ತನ್ನವರೆಗೆ ಒಂದೊಂದೇ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಆ ಗಾಜನ್ನು ಒರೆಸುವ ಕೆಲಸ ಅವನ ಹೆಂಡತಿ ರಾಜಲಕ್ಷ್ಮಿಯದು. ಅದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಗಂಡಸರು ಗಂಡಸರನ್ನೇ ಹೆತ್ತುಕೊಂಡು ಬಂದ ಮನೆತನ ಇದು ಎಂದು ಅವಳು ತನ್ನಷ್ಟಕ್ಕೆ ಗೊಣಗಿ ಬಟ್ಟೆ ಹಿಂಡುತ್ತಿದ್ದಳು.

ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ರೆಕ್ಕೆಯ ಬೋಲ್ಟುಗಳನ್ನು ಪರೀಕ್ಷಿಸುತ್ತಲೇ ಉದಯಶಂಕರ ತಲೆ ಬೆಳ್ಳಗೆ ಮಾಡಿಕೊಂಡಿದ್ದ. ಕನ್ನಡ ಸಂಘದಲ್ಲಿ ಮಾತ್ರ ಇಡೀ ವಿಮಾನ ತನ್ನ ಹೆಗಲ ಮೇಲೇ ಹಾರುತ್ತಿದೆ ಎಂಬಂತೆ ಜಂಬ ಕೊಚ್ಚುತ್ತಿದ್ದ. ಕೇಳುವವರು ಕೇಳುತ್ತಿದ್ದರು. ಪುಕ್ಕಟೆ ಊಟದ ಜೊತೆಗೆ ಇದೂ ಒಂದು ಎಂದು ಸಹಿಸಿಕೊಳ್ಳುತ್ತಿದ್ದರು.

ಅವರ ಒಬ್ಬನೇ ಮಗ ರಾಘವ್ ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಇಂಜಿನಿಯರ್, ಮನೆ ಅದೇ ಊರಿನ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯಲ್ಲಿ. 2013ರ ಬೇಸಿಗೆಯಲ್ಲಿ ಅವನು ನೋರಾ ಕೆಲ್ಲಿ ಎಂಬ ಹುಡುಗಿಯನ್ನು ಕರೆದುಕೊಂಡು ಬಂದ. ಇವಳನ್ನೇ ಮದುವೆಯಾಗುವುದು ಎಂದ. ಐರಿಷ್ ಮೂಲದವಳು, ಫಿಸಿಯೋಥೆರಪಿಸ್ಟ್, ಬಿಸಿಬೇಳೆಬಾತನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡವಳು. ರಾಜಲಕ್ಷ್ಮಿಗೆ ಅಷ್ಟೇ ಸಾಕಾಗಿತ್ತು. ಉದಯಶಂಕರನಿಗೆ ಸಾಲಲಿಲ್ಲ.

"ನಿನ್ನ ಮುತ್ತಜ್ಜನ ಹೆಸರೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಅಪ್ಪ ಡೆನ್ನಿಸ್, ತಾತ ಮಾರ್ಟಿನ್, ಅದರಾಚೆ ಗೊತ್ತಿಲ್ಲ ಎಂದಳು ನೋರಾ. ಮಾರ್ಟಿನ್ ಐರ್ಲೆಂಡಿನಿಂದ ಬಂದವನು. ಡೆನ್ನಿಸ್ ಚಿಕ್ಕವನಿದ್ದಾಗಲೇ ಆ ತಾತ ತೀರಿಕೊಂಡ. ಅವನ ಕಾಗದಪತ್ರದ ಪೆಟ್ಟಿಗೆ ಮನೆ ಬದಲಾಯಿಸುವಾಗ ಕಳೆದುಹೋಯಿತು. ಐರ್ಲೆಂಡಿನಲ್ಲಾದರೂ ದಾಖಲೆ ಇದ್ದೀತು ಎಂದರೆ, ಡಬ್ಲಿನ್ನಿನ ದಾಖಲೆಗಳ ಕಚೇರಿಯೇ 1922ರಲ್ಲಿ ಸುಟ್ಟು ಎಷ್ಟೋ ಹಳೆಯ ಕಾಗದ ಬೂದಿಯಾಗಿತ್ತು.

"ನೋಡ್ದ್ಯಾ ರಾಜಿ, ಮುತ್ತಜ್ಜನ ಹೆಸರೂ ಗೊತ್ತಿಲ್ಲ ಇವ್ರಿಗೆ!" ಉದಯಶಂಕರನ ಮುಖ ಹಬ್ಬದ ಹಾಗೆ ಅರಳಿತು. "ಕನ್ಯಾದಾನದಲ್ಲಿ ಪುರೋಹಿತ್ರು ಏನಂತ ಹೇಳ್ಬೇಕು? ಇಂಥವನ ಪ್ರಪೌತ್ರಿ, ಇಂಥವನ ಪೌತ್ರಿ, ಇಂಥವನ ಪುತ್ರಿ. ಮೂರು ಹೆಸರು ಬೇಕು. ಮೂರು ಸಿಕ್ಕಿದ್ರೆ ಮಂಟಪಕ್ಕೆ ಬರ್ತೀನಿ. ಇಲ್ದಿದ್ರೆ ನೀವುನೀವೇ ಮಾಡ್ಕೊಳ್ಳಿ."

ರಾಘವ್‌ಗೆ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅಪ್ಪ ಮದುವೆಗೆ ಬರದಿದ್ದರೆ ತಾನೂ ಇನ್ನು ಈ ಮನೆಗೆ ಬರುವುದಿಲ್ಲ ಎಂದ. ಹಟದಲ್ಲಿ ಅಪ್ಪನಿಗೇ ಹುಟ್ಟಿದ ಮಗ. ಹೇಳಿದಂತೆ ಮಾಡುತ್ತಾನೆ ಎಂದು ರಾಜಲಕ್ಷ್ಮಿಗೆ ಗೊತ್ತಿತ್ತು. ಒಂದು ಸತ್ತ ಮುದುಕನ ಹೆಸರಿಗಾಗಿ ಬದುಕಿರುವ ಮಗ ಕೈಬಿಟ್ಟು ಹೋಗುತ್ತಾನಲ್ಲ ಎಂದು ಅವಳ ಹೊಟ್ಟೆ ಉರಿಯಿತು.

ಆಮೇಲೆ ಇನ್ನೂ ಚೆಂದದ ನಾಟಕ ನಡೆಯಿತು. ಹುಡುಕಾಟವನ್ನು ಉದಯಶಂಕರ ತಾನೇ ಮೈಮೇಲೆ ಹಾಕಿಕೊಂಡ. ಆಫೀಸಿನಿಂದ ಬಂದವನೇ ಕಂಪ್ಯೂಟರ್ ಮುಂದೆ ಕೂತು ಐರ್ಲೆಂಡಿನ ಮಾರ್ಟಿನ್ ಕೆಲ್ಲಿಗಳನ್ನು ಸಾಲಾಗಿ ಹೊರಗೆಳೆದ. ಊರೂರಿಗೂ ಮಾರ್ಟಿನ್ ಕೆಲ್ಲಿಗಳು. ನೋರಾಳ ತಾತ ಯಾವ ಜಿಲ್ಲೆಯವನೆಂದೇ ಗೊತ್ತಿಲ್ಲದ ಮೇಲೆ ಯಾರನ್ನು ಹಿಡಿಯುವುದು, ಯಾರನ್ನು ಬಿಡುವುದು? "ಎಲ್ರಿಗೂ ಅದೇ ಹೆಸ್ರು ಕಣೇ, ಕಲ್ಪನೆಯೇ ಇಲ್ಲದ ಜನ" ಎಂದು ಮೂಗು ಮುರಿಯುತ್ತಿದ್ದ. ಅವನ ವಂಶವೃಕ್ಷದಲ್ಲೇ ನಾಲ್ಕು ಜನ ನರಹರಿಗಳಿದ್ದರು. ಗಾಜು ಒರೆಸುವಾಗಲೆಲ್ಲ ರಾಜಲಕ್ಷ್ಮಿ ಅವರನ್ನು ಎಣಿಸಿದ್ದಳು.

ಒಂದು ವರ್ಷ ಹೀಗೇ ಕಳೆಯಿತು. ಹೆಸರು ಸಿಕ್ಕಲಿಲ್ಲ ಎಂಬ ದುಃಖ ಅವನಿಗೆ ಎಳ್ಳಷ್ಟೂ ಇರಲಿಲ್ಲ. ನಿಜವಾಗಿ ಹುಡುಕುತ್ತಿದ್ದವನು ಡೆನ್ನಿಸ್. ಬಸ್ ಓಡಿಸಿ ನಿವೃತ್ತನಾದ ಆ ದೊಡ್ಡ ದೇಹದ ಮನುಷ್ಯ ಮಗಳ ಮದುವೆಗೆಂದು ಶುರುಮಾಡಿದವನು, ಈಗ ತನಗಾಗಿಯೇ ಹುಡುಕತೊಡಗಿದ್ದ. ಸ್ಯಾನ್ ಡಿಯಾಗೋದಲ್ಲಿ ಒಂದು ಭಾನುವಾರ ಎಲ್ಲರೂ ಊಟಕ್ಕೆ ಸೇರಿದ್ದಾಗ, ಅಪ್ಪನ ಅಪ್ಪ ಯಾರೆಂದು ತಿಳಿಯದೆ ಸಾಯಬೇಕೇನೋ ಎಂದ. ಉದಯಶಂಕರ ತಟ್ಟೆಯ ಮೇಲೆ ಬಾಗಿ ನಕ್ಕ. ಆ ನಗು ನೋಡಿ ರಾಜಲಕ್ಷ್ಮಿಗೆ ಎದ್ದು ಹೋಗಿಬಿಡೋಣ ಎನ್ನುವಷ್ಟು ಹೇಸಿಗೆಯಾಯಿತು.

ಎದ್ದು ಹೋಗುವ ಬದಲು ಅವಳು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಡೆನ್ನಿಸ್‌ನನ್ನು ಕೇಳಿದಳು: "ನಿಮ್ಮಪ್ಪನಿಗೆ ಅಕ್ಕತಂಗಿಯರು ಇರಲಿಲ್ವಾ?"

"ಅಕ್ಕತಂಗೀರು ಕಟ್ಕೊಂಡು ಏನಾಗ್ಬೇಕೇ? ಬೇರೆ ಮನೆಗೆ ಹೋದೋರು, ವಂಶಕ್ಕೆ ಸೇರಲ್ಲ" ಎಂದ ಉದಯಶಂಕರ ಕನ್ನಡದಲ್ಲಿ. ಒಂದು ವರ್ಷ ಅವನು ಗಂಡಸರ ಹಿಂದೆಯೇ ಅಲೆದದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು.

ಡೆನ್ನಿಸ್ ಯೋಚಿಸಿದ. ಡೆಲಿಯಾ ಅಂತ ಒಬ್ಬ ಅತ್ತೆ ಇದ್ದಳು, ಲಾಸ್ ಏಂಜಲೀಸ್‌ನಲ್ಲಿ. ಹೋದಾಗಲೆಲ್ಲ ಪೆಪ್ಪರ್‌ಮಿಂಟ್ ಕೊಡುತ್ತಿದ್ದಳು. ರೊಮಾನೊ ಎಂಬ ಇಟಲಿಯವನನ್ನು ಮದುವೆಯಾಗಿದ್ದಳು, ಮಕ್ಕಳಿರಲಿಲ್ಲ, ತೀರಿಕೊಂಡ ಮೇಲೆ ಅಲ್ಲೇ ಹೂತಿದ್ದರು. ಕೆಲ್ಲಿ ಎಂಬ ಹೆಸರು ಹೋಗಿದ್ದರಿಂದ ಅವಳು ಯಾರಿಗೂ ನೆನಪಿಗೆ ಬಂದಿರಲಿಲ್ಲ.

ಮುಂದಿನ ಶನಿವಾರ ನೋರಾ ಡ್ರೈವ್ ಮಾಡಿದಳು. ರಾಜಲಕ್ಷ್ಮಿ ಪುಳಿಯೋಗರೆ ಕಟ್ಟಿಕೊಂಡಳು. ಡೆನ್ನಿಸ್ ಹಿಂದೆ ಕೂತ. ಲಾಸ್ ಏಂಜಲೀಸಿನ ಹಳೆಯ ಕ್ಯಾಥೊಲಿಕ್ ಸ್ಮಶಾನದಲ್ಲಿ ಕಚೇರಿಯ ಹೆಂಗಸು ರೊಮಾನೊಗಳ ಸಾಲನ್ನು ತೋರಿಸಿದಳು. ಬಿಸಿಲಲ್ಲಿ ಒಂದೊಂದೇ ಕಲ್ಲು ನೋಡುತ್ತ ಹೋದರು. ಮಕ್ಕಳಿಲ್ಲದ ಡೆಲಿಯಾ, ತನ್ನ ಹಿಂದೆ ಹೇಳುವವರು ಯಾರೂ ಇರುವುದಿಲ್ಲ ಎಂದುಕೊಂಡಳೋ ಏನೋ, ಎಲ್ಲವನ್ನೂ ಕಲ್ಲಿನ ಮೇಲೇ ಕೆತ್ತಿಸಿದ್ದಳು: ಡೆಲಿಯಾ ರೊಮಾನೊ, ರಾಸ್‌ಕಾಮನ್ ಜಿಲ್ಲೆಯ ಪ್ಯಾಟ್ರಿಕ್ ಕೆಲ್ಲಿ ಮತ್ತು ಹೊನೋರಾ ಕೆಲ್ಲಿಯರ ಮಗಳು.

ಡೆನ್ನಿಸ್ ಟೋಪಿ ತೆಗೆದು ಕಲ್ಲಿನ ಪಕ್ಕ ಹುಲ್ಲಿನ ಮೇಲೆ ಕೂತುಬಿಟ್ಟ. ನೋರಾ, ತನ್ನ ಹೆಸರನ್ನೇ ಒಳಗಿಟ್ಟುಕೊಂಡಿದ್ದ ಹೊನೋರಾ ಎಂಬ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಮೂವರೂ ಅಲ್ಲೇ ಕೂತು ಪುಳಿಯೋಗರೆ ತಿಂದರು.

ಉದಯಶಂಕರನಿಗೆ ಸುದ್ದಿ ಹೇಳಿದಾಗ ಅವನ ಮುಖ ಕಷಾಯ ಕುಡಿದಂತಾಯಿತು. ಆಡಿದ ಮಾತು ನುಂಗುವಂತಿರಲಿಲ್ಲ. ಮಂಟಪಕ್ಕೆ ಬರಲೇಬೇಕಾಯಿತು. ಆದರೆ ಅಂಥವರು ಸುಮ್ಮನೆ ಸೋಲುತ್ತಾರೆಯೇ?

2015ರ ಮೇ ತಿಂಗಳಲ್ಲಿ ಸ್ಯಾನ್ ಡಿಯಾಗೋದ ಹಾಲೊಂದರಲ್ಲಿ ಮದುವೆ. ಪುರೋಹಿತರು ಪ್ಯಾಟ್ರಿಕ್, ಮಾರ್ಟಿನ್, ಡೆನ್ನಿಸ್ ಎಂದು ಗಂಭೀರವಾಗಿ ಸಂಸ್ಕೃತದ ನಡುವೆ ಸೇರಿಸಿ ಹೇಳಿದಾಗ ಡೆನ್ನಿಸ್ ಎಲ್ಲರೆದುರೇ ಅತ್ತ. ತಾಳಿ ಕಟ್ಟಿದ್ದಾಯಿತು. ಆಗ ಉದಯಶಂಕರ ಒಂದು ಬೆಳ್ಳಿ ತಟ್ಟೆಯಲ್ಲಿ ಅಕ್ಕಿ ಹರಡಿ ತಂದು ಮಗನ ಕೈಗೆ ಉಂಗುರ ಕೊಟ್ಟ.

"ಮಧುರಾ ಅಂತ ಬರಿ. ನಮ್ಮನೆ ಸೊಸೇಗೆ ನಮ್ಮನೆ ಹೆಸ್ರು. ಇದು ಪದ್ಧತಿ."

ರಾಘವ್ ಬರೆಯಲಿಲ್ಲ. ಅಪ್ಪನ ಮುಖ ನೋಡಿದ. ಮಂಟಪದಲ್ಲೇ ಮತ್ತೆ ಜಗಳ ಎದ್ದು ಮಗ ಕೈತಪ್ಪುತ್ತಾನೆ ಎಂದು ರಾಜಲಕ್ಷ್ಮಿಗೆ ಗೊತ್ತಾಯಿತು. ಅವಳು ಮುಂದೆ ಬಂದು ಮಗನ ಕೈಯಿಂದ ಉಂಗುರ ತೆಗೆದುಕೊಂಡಳು.

"ಬರೆಸೋಣ ರೀ. ಅದಕ್ಕೆ ಮುಂಚೆ ಒಂದು ಮಾತು. ನಮ್ಮ ಮದುವೇಲಿ ನೀವೇ ಅಕ್ಕಿ ಮೇಲೆ ರಾಜಲಕ್ಷ್ಮಿ ಅಂತ ಬರೆದ್ರಿ. ನನ್ನ ತವರಿನ ಹೆಸರು ಸಿನಿಮಾದವಳ ಹೆಸರಿನ ಥರಾ ಇದೆ ಅಂದ್ರು ನಿಮ್ಮಮ್ಮ. ಏನಿತ್ತು ಆ ಹೆಸರು?"

"ಈಗ ಅದ್ಯಾಕೆ?"

"ಹೇಳಿ. ಹದಿನಾಲ್ಕು ತಲೆಮಾರು ಬಾಯಿಪಾಠ ಬರುತ್ತಲ್ಲ. ಇದು ಹೇಳಿ, ಮಧುರಾ ಅಂತಲೇ ಬರೆಸ್ತೀನಿ."

ಉದಯಶಂಕರ ನಕ್ಕ. ಪಕ್ಕದಲ್ಲಿದ್ದ ತನ್ನ ತಮ್ಮನ ಕಡೆ ನೋಡಿದ. ಅವನು ಚಾವಣಿ ನೋಡುತ್ತಿದ್ದ. "ನಿರ್ಮಲಾ" ಎಂದ. "ಅಲ್ಲ, ನಳಿನಿ..."

ರಾಜಲಕ್ಷ್ಮಿ ಉಂಗುರದಿಂದ ಅಕ್ಕಿಯ ಮೇಲೆ ನಿಧಾನವಾಗಿ ಬರೆದಳು: ನೀರಜಾ. ತಟ್ಟೆಯನ್ನು ಗಂಡನ ಕಣ್ಣೆದುರು ಹಿಡಿದು, ಅವನು ಓದುವವರೆಗೆ ಕಾದಳು. ಅವನು ಓದಿ ತಲೆ ತಗ್ಗಿಸಿದ ಮೇಲೆ ಅಂಗೈಯಿಂದ ಅಕ್ಕಿ ಸಮಮಾಡಿ ಉಂಗುರವನ್ನು ಸೊಸೆಯ ಕೈಗೆ ಕೊಟ್ಟಳು.

"ನಿನ್ನ ಹೆಸರು ನೀನೇ ಬರಿ ಮಗೂ. ನಾಳೆ ನಿನ್ನ ಮೊಮ್ಮಕ್ಕಳು ಹುಡುಕಿಕೊಂಡು ಬರ್ತಾರೆ" ಎಂದಳು.