ನೀರು ಕುಡಿದ ಗಾದಿ

ನಿನ್ನೆ ಮಳೆ ಬಿತ್ತು. ಪಕ್ಕದ ಮನೆಯವರು ನೆನೆದ ಗಾದಿಯೊಂದನ್ನು ಇವತ್ತು ಬೆಳಿಗ್ಗೆ ಗೋಡೆಯ ಮೇಲೆ ಹಾಕಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಅದರ ವಾಸನೆ ನಮ್ಮ ಪಡಸಾಲೆಗೆ ಬಂತು. ಹಳಸಿದ ಅಂಬಲಿಯ ಮೇಲೆ ಹಸಿ ಬಟ್ಟೆ ಮುಚ್ಚಿಟ್ಟಂಥ ಹುಳಿ ವಾಸನೆ. ನಿಮಗಾದರೆ ಮೂಗು ಮುಚ್ಚಿಕೊಂಡರೆ ಮುಗಿಯಿತು. ನಾನು ಹತ್ತಿ ಹಿಂಜುವ ಪಿಂಜಾರರ ಮನೆಗೆ ಸೊಸೆಯಾಗಿ ಬಂದವಳು. ಆ ವಾಸನೆ ಬಂದರೆ ಇಷ್ಟು ವರ್ಷದ ಮೇಲೂ ಎದ್ದು ಹೋಗಿ ನಮ್ಮ ಮನೆಯ ಗಾದಿಗಳಿಗೆ ಮುಷ್ಟಿ ಒತ್ತಿ ನೋಡುತ್ತೇನೆ.

ನಾನು ಸಾಲಿಗೆ ಹೋದವಳಲ್ಲ. ತವರೂರು ಕುರುಗೋಡಿನಲ್ಲಿ ನಮ್ಮಣ್ಣ ಮರಳಿನ ಮೇಲೆ ಅಕ್ಷರ ತಿದ್ದುವಾಗ ಹಿಂದೆ ಕೂತು ಕದ್ದು ಕಲಿತದ್ದಷ್ಟೇ. ಒತ್ತು ದೀರ್ಘ ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಳ್ಳಾರಿಗೆ ರೈಲು ಬಂದು, ಅದರ ಹಿಂದೆ ಹತ್ತಿಯ ಯಂತ್ರವೂ ಬಂದಿದ್ದ ಕಾಲ. ಯಂತ್ರ ನಮ್ಮವರ ಅರ್ಧ ಕೆಲಸ ತಿಂದು ಹಾಕಿತ್ತು. ಉಳಿದದ್ದು ಗಾದಿ, ತಲೆದಿಂಬು. ನನ್ನ ಮಾವ ಫಕೀರಪ್ಪ ಬಿಲ್ಲು ಹೆಗಲಿಗೆ ಹಾಕಿಕೊಂಡು ಸಿರುಗುಪ್ಪದ ಕಡೆಯ ಊರೂರು ತಿರುಗಿ ಹತ್ತಿ ಹಿಂಜಿ ಹೆಸರು ಮಾಡಿದ್ದ. ಆ ವರ್ಷ ಸಿರುಗುಪ್ಪದ ಗೌಡರ ಮನೆಯಿಂದ ಮದುವೆಯ ಗಾದಿ ನಾಲ್ಕು ಬೇಕೆಂದು ಹೇಳಿ ಕಳಿಸಿದ್ದರು. ಆ ಮನೆ ಒಪ್ಪಿದರೆ ಸುತ್ತಲಿನ ಹಳ್ಳಿಗಳು ಒಪ್ಪಿದಂತೆ. ಆ ಮನೆ ಥೂ ಅಂದರೆ ನಾವು ಕಲ್ಲು ಒಡೆಯುವುದಕ್ಕೆ ಹೋಗಬೇಕು. ಇದನ್ನು ಮಾವ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ, ಗಾದಿಗೊಂದು ಸಲದಂತೆ.

ನಮ್ಮ ಮನೆಯಲ್ಲಿ ಒಂದು ನೇಮವಿತ್ತು. ಮದುವೆಯ ಗಾದಿ ಹೊಲಿದು ಮುಗಿಸಿದ ಮೇಲೆ ಕೊನೆಯ ಗಂಟನ್ನು ಮನೆಯ ಹಿರಿಯನೇ ದೇವರ ಹೆಸರು ಹೇಳಿ ಹಾಕಬೇಕು. ಮದುಮಕ್ಕಳು ಮಲಗುವ ಮೊದಲು ಆ ಗಂಟು ಬಿಚ್ಚಿದರೆ ಅವರ ಸಂಸಾರ ಬಿಚ್ಚಿದ ಹಾಗೆ. ಇನ್ನೊಂದು ನೇಮ ನನಗೆ ಸಂಬಂಧಿಸಿದ್ದು. ಸೊಸೆಯಾದವಳು ಮಾವನ ಜೊತೆ ನೇರ ಮಾತಾಡುವ ಹಾಗಿಲ್ಲ. ಹೇಳಬೇಕಾದ್ದನ್ನು ಗಂಡನಿಗೆ ಹೇಳಿದಂತೆ ಹೇಳಬೇಕು, ಮಾವ ಕೇಳಿಸಿಕೊಳ್ಳಬೇಕು. ಗಂಡ ಇಲ್ಲದಿದ್ದರೆ ಎತ್ತಿಗೆ ಹೇಳಬೇಕು. ನಮ್ಮ ಮನೆಯ ಎತ್ತುಗಳಿಗೆ ಲೋಕದ ವ್ಯವಹಾರವೆಲ್ಲ ಗೊತ್ತಿತ್ತು.

ನಾಲ್ಕೂ ಗಾದಿ ಹೊಲಿದು, ಗಂಟು ಹಾಕಿ, ಗಾಡಿಗೆ ಹೇರಿ ಹೊರಟವರು ಮೂವರು. ಮಾವ, ನನ್ನ ಗಂಡ ಹುಸೇನಪ್ಪ, ಅಲ್ಲಿ ಹೊಲಿಗೆಯ ಕೆಲಸ ಬಿದ್ದರೆ ದಬ್ಬಣ ಹಿಡಿಯಲಿಕ್ಕೆ ನಾನು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ನೆಟ್ಟಗೆ ದಾರಿಯಿದೆ. ನನಗೆ ಅವ್ವನನ್ನು ನೋಡಬೇಕಾಗಿತ್ತು. ನೋಡಬೇಕು ಅಂತ ಕೇಳಿದ್ದರೆ ಕೆಲಸದ ನಡುವೆ ತವರೇನು ಅನ್ನುತ್ತಿದ್ದರು. ಅದಕ್ಕೆ ಗಂಡನಿಗೆ, ಮಾವನಿಗೆ ಕೇಳುವಷ್ಟು ಗಟ್ಟಿಯಾಗಿ, ಹೇಳಿದೆ:

"ಕುರುಗೋಡಿನ ಮ್ಯಾಲೆ ಹಾದು ಹೊಲದಾಗ ಇಳಿದ್ರ ದಾರಿ ಹತ್ರ ಆಕ್ಕೈತಿ. ನಮ್ಮೂರೋರೆಲ್ಲ ಹಂಗ ಹೋಗ್ತಾರ."

ಹಸಿ ಸುಳ್ಳು. ಮಾವ ಗಡ್ಡ ಕೆರೆದುಕೊಂಡು, "ಹೂಂ, ಹಂಗ ಹೋಗಾಣು" ಅಂದ.

ಅವ್ವನ ಮನೆಯಲ್ಲಿ ರೊಟ್ಟಿ ತಿಂದು ಒಂದು ರಾತ್ರಿ ಇದ್ದು, ನಸುಕಿನಲ್ಲಿ ಎರೆ ಹೊಲದ ಬಂಡಿ ಜಾಡು ಹಿಡಿದೆವು. ಮರುದಿನ ಮಧ್ಯಾಹ್ನ ಮದುಮಗಳಿಗೆ ಅರಿಷಿಣ. ಅಷ್ಟರೊಳಗೆ ಗಾದಿ ಗೌಡರ ಮನೆ ಸೇರಬೇಕು. ಹೊತ್ತು ಮಾರುದ್ದ ಏರಿದಾಗ ಹಳ್ಳ ಸಿಕ್ಕಿತು. ಬೇಸಿಗೆಯಲ್ಲಿ ಮೇಕೆ ಕುಡಿಯುವಷ್ಟೂ ನೀರಿರದ ಹಳ್ಳ, ಆವತ್ತು ಮೊಣಕಾಲ ಮಟ್ಟ ಹರಿಯುತ್ತಿತ್ತು. ಮೇಲೆಲ್ಲೋ ಮಳೆ ಬಿದ್ದಿರಬೇಕು.

ನಡುನೀರಿನಲ್ಲಿ ಬಲಗಾಲಿ ಎರೆ ಕೆಸರಿಗೆ ಕೂತಿತು. ಹುಸೇನಪ್ಪ ನೀರಿಗಿಳಿದು ಎತ್ತಿನ ಮೂಗುದಾರ ಹಿಡಿದ. ಮಾವ ಗಾಲಿಗೆ ಹೆಗಲು ಕೊಟ್ಟ. ನಾನು ನಾಲ್ಕು ಗಾದಿಗಳ ಮೇಲೆ ಗೌಡ್ತಿಯ ಹಾಗೆ ಕೂತಿದ್ದೆ. ಅಷ್ಟರಲ್ಲಿ ನೀರಿನ ಬಣ್ಣ ತಿರುಗಿ ಜಾಲಿಯ ಕಸ ತೇಲಿ ಬಂತು.

"ನೆರಿ ಬರಾಕ ಹತ್ತೈತಿ ಲೇ ಹುಸೇನಾ! ಹೊಡಿ! ಬಾಲ ಮುರಿ!" ಮಾವ ಕೂಗಿದ. ಆಮೇಲೆ ನೇಮ ಮರೆತು ನನಗೇ ಕೂಗಿದ: "ನೀ ಏನು ಮದುಮಗಳೇನಬೇ ಅಲ್ಲಿ ಕುಂದ್ರಾಕ? ಇಳಿ!"

ಇಳಿದೆ. ನೀರು ಸೊಂಟಕ್ಕೆ ಬಂದಿತ್ತು. ಮಾವ ಮೊದಲು ಬಿಲ್ಲನ್ನು ತೆಗೆದು ತಲೆಯ ಮೇಲೆ ಎತ್ತಿ ಹಿಡಿದ. ಅದರ ಹುರಿ ನರದ್ದು, ನೆನೆದರೆ ಸಡಿಲಾಗಿ ಸತ್ತಂತೆ. ಒಂದು ಕೈಯಲ್ಲಿ ಬಿಲ್ಲು, ಒಂದು ಕೈಯಲ್ಲಿ ಗಾಲಿ. ಎತ್ತುಗಳು ಮುಗ್ಗರಿಸಿದವು, ಎದ್ದವು, ಮತ್ತೆ ಮುಗ್ಗರಿಸಿದವು. ದಡ ಹತ್ತಿ ಹಿಂದೆ ತಿರುಗಿದರೆ ನಾವು ನಿಂತಿದ್ದ ಜಾಗದಲ್ಲಿ ಒಂದು ಇಡೀ ಮುಳ್ಳಿನ ಗಿಡ ತೇಲಿ ಹೋಗುತ್ತಿತ್ತು.

ಮೇಲಿನ ಎರಡು ಗಾದಿ ನೆನೆದಿರಲಿಲ್ಲ. ಕೆಳಗಿನ ಎರಡು ನೀರು ಕುಡಿದು ಹೆಣದಷ್ಟು ಭಾರವಾಗಿದ್ದವು.

ಅಲ್ಲೇ ಒಂದು ಹಾಸುಬಂಡೆ ಇತ್ತು. ಮೂವರೂ ಸೇರಿ ಗಾದಿ ಎಳೆದು ಬಿಸಿ ಬಂಡೆಯ ಮೇಲೆ ಹಾಕಿ ತುಳಿದು ನೀರು ಇಳಿಸಿದೆವು. ಗಾಲಿಯ ಕೀಲೆಣ್ಣೆ ತೊಳೆದುಹೋಗಿತ್ತು. ಹಾಗೇ ಓಡಿಸಿದರೆ ಅಚ್ಚು ಸುಡುತ್ತದೆ ಎಂದು ಹುಸೇನಪ್ಪ ಗಾಲಿ ಬಿಚ್ಚಿ ಒರೆಸುತ್ತ ಕೂತ. ಮಾವ ಗಾದಿ ತಿರುವಿ ತಿರುವಿ ಹಾಕಿದ. ಬಿಸಿಲು ಅಂದರೆ ಬಳ್ಳಾರಿ ಸೀಮೆಯ ಬಿಸಿಲು. ಸ್ವಲ್ಪ ಹೊತ್ತಿಗೇ ಮೇಲಿನ ಬಟ್ಟೆ ಹಪ್ಪಳದಂತಾಯಿತು.

"ಒಣಗ್ಯಾವ. ಹೂಡ್ರಿ ಗಾಡಿ" ಅಂದ ಮಾವ.

ನಾನು ಮುಷ್ಟಿ ಒತ್ತಿ ನೋಡಿದೆ. ಮೇಲೆ ಸುಡುತ್ತಿತ್ತು, ಒಳಗೆ ಬಾವಿಯಂತೆ ತಂಪಿತ್ತು. ಹತ್ತಿ ನೀರನ್ನು ಬಿಡುವುದು ಕಡೆಗೆ, ಕುಡಿಯುವುದು ಮೊದಲು. ಹೀಗೇ ಒಯ್ದರೆ ಮದುವೆಯ ಗದ್ದಲ ಮುಗಿಯುವುದರೊಳಗೆ ಒಳಗೆ ಕಾವು ಹುಟ್ಟಿ, ಹುಳಿತು, ಗೌಡರ ಮಗಳು ಮೊದಲ ದಿನವೇ ಮೂಗು ಮುಚ್ಚಿಕೊಂಡು ಏಳುತ್ತಾಳೆ. ನಲವತ್ತು ವರ್ಷ ಹತ್ತಿ ಹಿಂಜಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗಂಟು ಹಾಕಿದವನೂ ಅವನೇ.

ಗಂಡನಿಗೆ ಹೇಳಿದೆ: "ಗಾಲಿ ಬಿಚ್ಚಿ ಒರಸಾಕ ಆಕ್ಕೈತಿ, ಗಾದಿ ಬಿಚ್ಚಾಕ ಆಗಂಗಿಲ್ಲೇನು?"

ಗಂಡ ಕೀಲಿನೊಳಗೆ ಮುಖ ತೂರಿಸಿದ. ಮಾವನ ಮುಖ ಕೆಂಪಾಯಿತು. "ಮದುವಿ ಗಂಟು ಬಿಚ್ಚಿದ ಪಿಂಜಾರ ನಮ್ಮ ಮನ್ಯಾಗ ಹುಟ್ಟಿಲ್ಲ ಅಂತ ಹೇಳ್ಲೇ ನಿನ್ನ ಹೇಣ್ತಿಗಿ."

ಹೇಳಿ ಎತ್ತುಗಳ ಮೈ ತೊಳೆಯಲು ಹೋದ. ಅವನ ಚೀಲ ಅಲ್ಲೇ ಇತ್ತು. ಕತ್ತರಿ ತೆಗೆದೆ. ಕೈ ನಡುಗಿತು ಅಂತ ಬರೆದರೆ ನಿಮಗೆ ಚೆನ್ನಾಗಿ ಕಾಣಬಹುದು. ನಡುಗಲಿಲ್ಲ. ದಾರಿಯ ಸುಳ್ಳು ನನ್ನದು, ನೆನೆದ ಗಾದಿಯೂ ನನ್ನದೇ ಅಂತ ಅನ್ನಿಸಿತ್ತು. ಗಂಟು ಕತ್ತರಿಸಿ ಮೊಳದುದ್ದ ಹೊಲಿಗೆ ಬಿಚ್ಚಿದೆ.

ಮಾವ ಓಡಿ ಬಂದು ಕೈ ಎತ್ತಿದ. ನಾನು ಎದ್ದು ನಿಂತು ಮೊದಲನೆಯ ಸಲ ನೇರ ಅವನಿಗೇ ಹೇಳಿದೆ: "ಹೊಡೀರಿ ಮಾವಾ. ಹೊಡದ ಮ್ಯಾಲೆ ಒಳಗ ಕೈ ಹಾಕಿ ನೋಡ್ರಿ."

ಎತ್ತಿದ ಕೈ ಎಷ್ಟೋ ಹೊತ್ತು ಹಾಗೇ ಇತ್ತು. ಆಮೇಲೆ ಅದು ಗಾದಿಯೊಳಗೆ ಹೋಯಿತು. ಹಿಡಿ ಹತ್ತಿ ಹೊರಗೆ ತೆಗೆದು ಹಿಂಡಿದ. ನೀರು ತೊಟ್ಟಿಕ್ಕಿತು. "ಥೂ" ಅಂದ, ನನಗಲ್ಲ. ಕತ್ತರಿ ಕಿತ್ತುಕೊಂಡು ಎರಡನೆಯ ಗಾದಿಯ ಗಂಟನ್ನು ತಾನೇ ಕತ್ತರಿಸಿದ.

ಬಂಡೆಯ ತುಂಬ ಹತ್ತಿ ಹರಡಿದೆವು. ಒಣಗುತ್ತ ಬಂದಂತೆ ಗಾಳಿ ಎದ್ದಿತು. ಬದಲಿಗೆಂದು ತಂದಿದ್ದ ನನ್ನ ಸೀರೆ, ಅವರ ಧೋತರ ಎಲ್ಲ ಹೊದಿಸಿ ಕಲ್ಲು ಹೇರಿದರೂ ಒಂದಿಷ್ಟು ಹಾರಿ ಜಾಲಿಗೆ ಹತ್ತಿತು. ಮುಳ್ಳಿನಿಂದ ಅದನ್ನು ಬಿಡಿಸುತ್ತ ನನ್ನ ಗಂಡ, "ಜಾಲಿಗಿಡದಾಗ ಹತ್ತಿ ಬೆಳಿಯೋದು ನಮ್ಮ ಮನ್ಯಾಗ ಅಷ್ಟ" ಅಂದ. ಹೊತ್ತು ಇಳಿಯುತ್ತಿತ್ತು. ಮಾವ ಬಿಲ್ಲು ಕಟ್ಟಿ ಹಿಂಜಿದ. ನಾನು ತುಂಬಿ ಹೊಲಿದೆ. ಕೆಂಪು ದಾರ ಮುಗಿದು ಬಿಳಿ ದಾರ ಹಾಕಿದೆ.

ಅರ್ಧ ಹೊಲಿದಾಗ ಬಾಯಿ ತಡೆಯಲಿಲ್ಲ. "ಮಾವಾ, ಈ ದಾರಿ ಹತ್ರ ಅಲ್ರಿ."

ಅವನು ಬಿಲ್ಲು ನಿಲ್ಲಿಸಲಿಲ್ಲ. "ಗೊತ್ತೈತಿ. ನೀ ಹುಟ್ಟೋಕಿಂತ ಮೊದ್ಲ ನಡದ ದಾರಿ ಇದು. ಬಾಯಿ ಮುಚ್ಕೊಂಡು ಹೊಲಿ, ಹೊಲಿಗಿ ಉದ್ದ ಬೀಳಾಕ ಹತ್ತ್ಯಾವ."

ದಾರಿಯಲ್ಲಿ ಒಂದು ಹಳ್ಳಿಯಲ್ಲಿ ತಂಗಿ, ಮರುದಿನ ಅರಿಷಿಣ ಕಲಸುವ ಹೊತ್ತಿಗೆ ಗೌಡರ ಮನೆ ಮುಟ್ಟಿದೆವು. ಮದುಮಗಳ ಅಜ್ಜಿ, ವಿಧವೆ ಮುದುಕಿ, ಗಾದಿಗಳ ಸುತ್ತ ತಿರುಗಿ ನಿಂತಳು.

"ಯಾಕೋ ಫಕೀರಪ್ಪ, ಇವೆರಡರ ದಾರ ಬ್ಯಾರೆ ಐತಲ್ಲ?"

ಮಾವ ರುಮಾಲು ಸರಿಮಾಡಿಕೊಂಡ. ಕೆಂಪು ದಾರ ಮುಗಿದಿತ್ತು ಅಂತಷ್ಟೇ ನೆಪ ಹೇಳಿದ್ದರೆ ನಡೆಯುತ್ತಿತ್ತೇನೋ. "ಹಳ್ಳದಾಗ ನೆನದ್ವು ತಾಯಿ. ಗಂಟು ಬಿಚ್ಚಿ, ಒಣಗಿಸಿ, ಮತ್ತ ಹಿಂಜಿ ಹೊಲದೀವಿ."

ಮುದುಕಿ ಬಗ್ಗಿ ಮುಷ್ಟಿ ಒತ್ತಿದಳು. ಮೂಗು ಹಚ್ಚಿ ನೋಡಿದಳು.

"ಬಿಚ್ಚಿದ್ದನ್ನ ಮದುಮಗಳಿಗೆ ಹಾಸಂಗಿಲ್ಲ. ಅವೆರಡು ಅಕಿಗಿ. ಇವೆರಡು ನನ್ನ ಕ್ವಾಣ್ಯಾಗ ಹಾಕ್ರಿ. ನಂದು ಬಿಚ್ಚಿಹೋಗಾಕ ಸಂಸಾರ ಏನುಳದೈತಿ?" ಅಂದಳು. ಹೆಂಗಸರೆಲ್ಲ ಗೊಳ್ಳೆಂದರು. "ದೀಪಾವಳಿಗಿ ಬಾರೋ, ತಲಿದಿಂಬು ಹಿಂಜೂದೈತಿ."

ನಾವು ಕಲ್ಲು ಒಡೆಯಲು ಹೋಗಲಿಲ್ಲ.

ಬಳ್ಳಾರಿಗೆ ಬಂದ ಮೇಲೆ ಅತ್ತೆ ಮಾವನನ್ನು ಹಿಡಿದು ಜಾಡಿಸಿದಳು. ನೆಟ್ಟನೆ ದಾರಿ ಬಿಟ್ಟು ಹಳ್ಳಕ್ಕೆ ಯಾಕೆ ಬಿದ್ದೆ ಅಂತ. ಮಾವ ನನ್ನ ಕಡೆ ನೋಡಲಿಲ್ಲ. "ಹತ್ರ ಆಕ್ಕೈತಿ ಅನ್ನಿಸ್ತು, ಹೋದ್ನಿ" ಅಂದ. ನಾನು ಒಲೆ ಊದುತ್ತಲೇ ಇದ್ದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರು ಸುತ್ತಿ ಬಳಸಿ ಬಂದರೂ "ಫಕೀರಪ್ಪನ ಹತ್ತಿರದ ದಾರಿ" ಅನ್ನುತ್ತಾರೆ. ಮಾವ ಸಾಯುವತನಕ ಆ ಮಾತು ಕೇಳಿ ನಕ್ಕ. ಗಂಟು ಕತ್ತರಿಸಿದ ಕಥೆಯನ್ನು ನಾನು ಮಕ್ಕಳಿಗೆ, ಮೊಮ್ಮಕ್ಕಳಿಗೆ ನೂರು ಸಲ ಹೇಳಿದ್ದೇನೆ. ಸುಳ್ಳು ಹೇಳಿದ್ದನ್ನು ಒಂದು ಸಲವೂ ಹೇಳಿಲ್ಲ.

ಇದನ್ನು ಬರೆಯುತ್ತ ಕೂತಾಗಲೇ ಮೊಮ್ಮಗ ಪೇಟೆಯಿಂದ ತಡವಾಗಿ ಬಂದ. ಅವನ ಹೆಂಡತಿ, "ಫಕೀರಪ್ಪನ ಹತ್ತಿರದ ದಾರಿ ಹಿಡಿದಿದ್ರೇನು?" ಅಂದಳು. ಇಬ್ಬರೂ ನಕ್ಕರು. ಕರೆದು ಕೂರಿಸಿ ಎಲ್ಲ ಹೇಳಿದೆ. ಇನ್ನು ಮೇಲೆ ಆ ಮಾತಿಗೆ ನನ್ನ ಹೆಸರು ಹಾಕಿರಿ ಅಂದೆ.

"ಬಿಡಬೇ, ಸತ್ತಾತಗ ಇನ್ನ ಅದರಿಂದ ಏನಾಗಬೇಕೈತಿ?" ಅಂದ ಮೊಮ್ಮಗ.

ಸತ್ತವನಿಗೆ ಏನೂ ಇಲ್ಲ. ಆ ಸುಳ್ಳು ಹೊತ್ತುಕೊಂಡು ಬದುಕಿರುವವಳು ನಾನು.