ತೆರಕಣಾಂಬಿ ರಸ್ತೆಯಲ್ಲಿ ಬೀಳ್ಕೊಡುವ ಓಟ

ಈ ಪ್ರವಾಸಕ್ಕೆ ನನಗೆ ತಗುಲಿದ್ದು ಮೂರು ಸಾವಿರದ ಚಿಲ್ಲರೆ. ಓಡಾಟದ ಖರ್ಚು ಅದರಲ್ಲಿ ನೂರು ರೂಪಾಯಿಯೂ ಇಲ್ಲ. ಮೈಸೂರಿನಿಂದ ಚಾಮರಾಜನಗರಕ್ಕೆ ಪ್ಯಾಸೆಂಜರ್ ರೈಲು, ಅಲ್ಲಿಂದ ಮುಂದೆ ಸರ್ಕಾರಿ ಬಸ್ಸು. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ. ಉಳಿದದ್ದೆಲ್ಲ ಒಂದು ಜೊತೆ ಓಟದ ಶೂಗೆ ಮತ್ತು ಮ್ಯಾರಥಾನ್ ಪ್ರವೇಶ ಶುಲ್ಕಕ್ಕೆ ಹೋಯಿತು. ಎರಡೂ ನನಗಲ್ಲ, ದೇವೀರಮ್ಮನಿಗೆ. ಬೇಗ ಕಟ್ಟಿದರೆ ರಿಯಾಯಿತಿ ಎಂದರು, ಅವಳನ್ನು ಒಂದು ಮಾತು ಕೇಳದೆ ಕಟ್ಟಿಬಿಟ್ಟೆ.

ನಮ್ಮದೊಂದು ಕೂಟವಿದೆ. ಮೈಸೂರು ನಗರದ ಮ್ಯಾರಥಾನಿನಲ್ಲಿ ಮೊದಲ ವರ್ಷದಿಂದ ಒಂದೂ ತಪ್ಪಿಸದೆ ಓಡಿದವರಿಗೆ ಮಾತ್ರ ಅಲ್ಲಿ ಜಾಗ. ಒಂದು ವರ್ಷ ತಪ್ಪಿದರೆ ಮುಗಿಯಿತು, ಜ್ವರ ಬಂದಿತ್ತು, ಮಗಳ ಮದುವೆಯಿತ್ತು ಎಂದರೆ ನಡೆಯುವುದಿಲ್ಲ. ಮೊದಮೊದಲು ಓಟದ ಹಿಂದಿನ ಸಂಜೆ ನಾವೆಲ್ಲ ಊಟಕ್ಕೆ ಕೂತರೆ ಹೋಟೆಲಿನವನು ಟೇಬಲ್ ಜೋಡಿಸಬೇಕಿತ್ತು. ಹೋದ ವರ್ಷ ನಾನು ಮತ್ತು ದೇವೀರಮ್ಮ ಇಬ್ಬರೇ ಎದುರುಬದುರು ಕೂತು ಮಸಾಲೆ ದೋಸೆ ತಿಂದೆವು. ಅವಳು ಮೈಸೂರಿನ ಹಾಸ್ಟೆಲೊಂದರಲ್ಲಿ ಅಡುಗೆಯವಳಾಗಿದ್ದು, ಆ ಕೆಲಸ ಬಿಟ್ಟ ಮೇಲೆ ತೆರಕಣಾಂಬಿಯಲ್ಲಿ ತಂಗಿಯ ಮನೆ ಸೇರಿದ್ದಾಳೆ. ಈ ವರ್ಷ ಫೋನಿನಲ್ಲಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಇಂಥ ವ್ಯವಹಾರ ಮುಖ ನೋಡಿಯೇ ಮುಗಿಸಬೇಕೆಂದು ಹೊರಟೆ.

ಚಾಮರಾಜನಗರದ ದಾರಿ ಹಿಡಿದದ್ದಕ್ಕೆ ಕಾರಣ ಅರಿಶಿನ. ನನ್ನದು ಮಸಾಲೆ ಪುಡಿಯ ಅಂಗಡಿ. ಬಾಡಿಗೆ ಒರಳಿನಲ್ಲಿ ಕುಟ್ಟಿ, ಮನೆಮನೆಗೆ ಹೊತ್ತು ಮಾರಿ ಬೆಳೆಸಿದ್ದು, ಹಾಗಾಗಿ ಬರಿಗೈಯಲ್ಲಿ ಪ್ರಯಾಣ ಮಾಡಿ ಅಭ್ಯಾಸವಿಲ್ಲ. ಅರಿಶಿನ ಕೊಳ್ಳುವಾಗ ಮೇಲಿನ ಬಣ್ಣ ನಂಬಬೇಡಿ, ಕೊಂಬು ಮುರಿದು ಒಳಗೆ ನೋಡಿ. ನಾನು ಮೂರನೆಯದನ್ನು ಮುರಿಯುವಾಗ ಮಂಡಿಯವನು ಕೈ ಮುಗಿದ.

"ಅವ್ವಾ, ಇಂಗೆ ಎಲ್ಲಾನೂ ಮುರುದ್ಬುಟ್ರೆ ಇನ್ನೊಬ್ರಿಗೆ ಮಾರದು ಎಂಗವ್ವಾ?"

"ಇನ್ನೊಬ್ಬರಿಗೆ ಯಾಕಪ್ಪಾ ಮಾರ್ತೀಯ? ನನಗೇ ಕೊಡು."

ನಕ್ಕ. ನಕ್ಕ ವ್ಯಾಪಾರಿ ಬೆಲೆ ಇಳಿಸುತ್ತಾನೆ, ಇಳಿಸಿದ. ಮೂಟೆಯನ್ನು ಮೈಸೂರಿಗೆ ಲಾರಿಗೆ ಹಾಕಲು ಹೇಳಿ, ಗುಂಡ್ಲುಪೇಟೆ ಬಸ್ಸು ಹತ್ತಿದೆ. ಮೋಡ ಮುಚ್ಚಿತ್ತು, ಕಿಟಕಿಯಿಂದ ತಣ್ಣನೆ ಗಾಳಿ. ಈ ಸಲ ಏನು ಹೇಳಬೇಕು, ಅವಳೇನು ಹೇಳಿದರೆ ನಾನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ತೆರಕಣಾಂಬಿಯಲ್ಲಿ ಇಳಿದಾಗ ಚೆಂಡುಹೂವಿನ ಹೊಲದಿಂದ ವಾಪಸಾದ ಹೆಂಗಸರು ಲಗೇಜ್ ಆಟೋದಿಂದ ಇಳಿಯುತ್ತಿದ್ದರು. ಅವರ ನಡುವೆ ದೇವೀರಮ್ಮ, ಬೆರಳೆಲ್ಲ ಹಳದಿ, ಮುಖ ತುಂಬಿಕೊಂಡಿದೆ.

"ಸರೋಜಕ್ಕಾ! ಬಂದೇ ಬುಟ್ಯಾ!"

ಅವರಲ್ಲೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವ್ರೇನಾ ನಿನ್ನ ಓಟದ ಅಕ್ಕ? ಬಸ್ ಇಡಿಯಕ್ಕೂ ಓಡಕ್ಕಿಲ್ಲ ಅನ್ನಂಗವ್ರಲ್ಲ!" ಎಂದಳು. ಎಲ್ಲರೂ ನಕ್ಕರು. ದೇವೀರಮ್ಮನೇ ಜಾಸ್ತಿ ನಕ್ಕಳು.

ರಾತ್ರಿ ಊಟಕ್ಕೆ ಮುದ್ದೆ, ಬಸ್ಸಾರು. ಊಟದ ನಂತರ ಜಗಲಿಯಲ್ಲಿ ಶೂ ತೆಗೆದು ಮುಂದಿಟ್ಟೆ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು. "ಚೆನ್ನಾಗವೆ ಕಣಕ್ಕ. ಹೂ ಕುಯ್ಯಕ್ಕೋದಾಗ ಮುಳ್ಳು ಚುಚ್ಚಕ್ಕಿಲ್ಲ."

"ಹೂ ಕುಯ್ಯೋಕಲ್ಲ ತಂದಿದ್ದು. ಶುಲ್ಕ ಕಟ್ಟಾಗಿದೆ. ಊಟ ನನ್ನದು, ಮಲಗೋಕೆ ನನ್ನ ಮನೆ. ಓಡೋದೂ ಬೇಡ, ಗಡುವಿನೊಳಗೆ ನಡೆದು ಮುಗಿಸು ಸಾಕು."

"ಬ್ಯಾಡ ಕಣಕ್ಕ."

"ಮಂಡಿ ನೋವಾ?"

"ಮಂಡಿಗೇನಾಗದೆ? ಕಲ್ಲಿದ್ದಂಗದೆ."

ವ್ಯಾಪಾರದಲ್ಲಿ ನಮ್ಮ ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು, ಮೊದಲು ಮಾತಾಡಿದವರು ಸೋತಂತೆ. ನಾನು ಸುಮ್ಮನಾದೆ. ಅವಳು ಉಗುರಿನ ಹಳದಿ ಕೆರೆಯುತ್ತ ಆರಾಮಾಗಿ ಕೂತಿದ್ದಳು. ಕೊನೆಗೆ ಮಾತಾಡಿದ್ದು ನಾನೇ.

"ನೀನು ಬಿಟ್ಟರೆ ಕೂಟದಲ್ಲಿ ನಾನೊಬ್ಬಳೇ ಆಗ್ತೀನಿ, ದೇವೀರಿ."

"ಗೊತ್ತು ಕಣಕ್ಕ. ಅದ್ಕೇ ಫೋನಲ್ಲಿ ಏಳಕ್ಕೆ ಬಾಯಿ ಬರ್ನಿಲ್ಲ." ಶೂ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. "ಆಸ್ಟೆಲ್ನಲ್ಲಿ ನಂಗ್ಯಾರಿದ್ರು ಏಳು? ವರ್ಸಕ್ಕೊಂದಿನ ರೋಡಲ್ಲಿ ನಿಂತು ಜನ ಚಪ್ಪಾಳೆ ತಟ್ಟೋರು. ಅದ್ಕೇ ಓಡ್ತಿದ್ದೆ. ಈಗ ಬೆಳಗಾದ್ರೆ ಈ ಮುಂಡೇವು ಬಂದು ದೇವೀರಕ್ಕಾ ಅಂತ ಬಾಗ್ಲು ಬಡೀತವೆ. ಇನ್ಯಾಕೆ ಓಡ್ಲಿ?"

ಮೈಸೂರಿನಲ್ಲಿ ಗಿರಾಕಿಗಳಿಗೆ ನಾನು ಸಾರಿನಪುಡಿ ಅಮ್ಮ. ಹೆಸರು ಹಿಡಿದು ಕರೆಯುವವರು ಆ ಒಂದು ಟೇಬಲ್ಲಿನ ಸುತ್ತ ಕೂರುತ್ತಿದ್ದವರೇ.

"ನೀನೂ ಬುಟ್ಬುಡು," ಎಂದಳು ಮೆಲ್ಲಗೆ.

"ನನಗೆ ಯಾರು ಬಾಗಿಲು ಬಡೀತಾರೆ?" ಎಂದೆ. ನಗಲೆಂದು ಹೇಳಿದ್ದು, ಅವಳು ನಗಲಿಲ್ಲ.

ಕೂಟ ಬಿಡುವವರನ್ನು ಕಳಿಸಿಕೊಡುವುದಕ್ಕೆ ನಮ್ಮಲ್ಲೊಂದು ಕ್ರಮವಿದೆ. ಉಳಿದವರು ಅವರ ಊರಿಗೇ ಹೋಗಿ ಅವರ ಜೊತೆ ಓಡಬೇಕು. ಬಿಡುವವರು ಸಾಕೆನಿಸಿದ ಕಡೆ ನಿಂತುಬಿಡುತ್ತಾರೆ. ಉಳಿದವರು ನಿಲ್ಲಬಾರದು, ತಿರುಗಿಯೂ ನೋಡಬಾರದು, ಓಡುತ್ತಲೇ ಇರಬೇಕು. ಹಿಂದೆಲ್ಲ ಹೀಗೆ ಮುಂದಕ್ಕೆ ಓಡುವಾಗ ಯಾರಾದರೂ ಒಂದು ತಮಾಷೆ ಹೇಳುತ್ತಿದ್ದರು, ನಿಂತವರ ವಿಷಯ ಅಲ್ಲಿಗೆ ಹಗುರವಾಗುತ್ತಿತ್ತು.

ಬೆಳಿಗ್ಗೆ ಚೀಲವನ್ನು ಬೆನ್ನಿಗೆ ಬಿಗಿದು ಹೊರಟೆ. ದೇವೀರಮ್ಮ ಸೀರೆ ಎತ್ತಿ ಸಿಕ್ಕಿಸಿ, ಹೊಸ ಶೂ ಹಾಕಿಕೊಂಡು ಬಂದಳು. ಗುಂಡ್ಲುಪೇಟೆ ಕಡೆಗೆ ನಿಧಾನವಾಗಿ ಓಡಿದೆವು. ಅವಳ ಶೂ ಕಿರುಗುಟ್ಟುತ್ತಿತ್ತು. ಹಾಸ್ಟೆಲಿನ ಹುಡುಗಿಯರು ಉಪ್ಪಿಟ್ಟಿಗೆ ಮಾಡುತ್ತಿದ್ದ ರಗಳೆ ಹೇಳಿದಳು, ನಾನು ಈಗಿನ ಮೆಣಸಿನಕಾಯಿ ದರ ಹೇಳಿದೆ. ಒಂದು ತಿರುವು ದಾಟಿದರೆ ಎರಡೂ ಕಡೆ ಚೆಂಡುಹೂವಿನ ಹೊಲ. ಹೆಂಗಸರು ಆಗಲೇ ಸಾಲು ಹಿಡಿದಿದ್ದರು.

"ದೇವೀರಕ್ಕೋ! ಓಡಿದ್ದು ಸಾಕು, ಬಾ! ನಿನ್ ಸಾಲು ನಾವು ಕುಯ್ಯಕ್ಕಿಲ್ಲ!"

ಅವಳ ಕೈ ನನ್ನ ಕೈಯನ್ನೊಮ್ಮೆ ಗಟ್ಟಿಯಾಗಿ ಒತ್ತಿತು. "ಉಸಾರಾಗ್ ಓಗಕ್ಕ," ಎಂದಳು. ಪಕ್ಕದ ಕಿರುಗುಟ್ಟುವ ಸದ್ದು ನಿಂತಿತು.

ನಾನು ತಿರುಗಲಿಲ್ಲ. ಹಿಂದೆ ಅವರು ನಗುವುದು, ಅವಳು ಏನೋ ಬೈಯುವುದು, ಮತ್ತೆ ನಗುವುದು ಬಹಳ ದೂರದವರೆಗೆ ಕೇಳುತ್ತಿತ್ತು. ತಮಾಷೆ ಹೇಳುವ ಸರದಿ ನನ್ನದೇ ಇತ್ತು, ಕೇಳುವವರಿರಲಿಲ್ಲ. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತಿತ್ತು. ಒಂದು ಬಸ್ಸು ನಿಧಾನಿಸಿತು, ಕಂಡಕ್ಟರ್ ತಲೆ ಹೊರಗೆ ಹಾಕಿ, "ಅಜ್ಜಿ, ಅತ್ತು, ಪುಕ್ಕಟೆ!" ಎಂದ. ಕೈ ಬೀಸಿ ಕಳಿಸಿದೆ. ಜೀವಮಾನದಲ್ಲಿ ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟದ್ದು ಅದೇ ಮೊದಲು.

ಗುಂಡ್ಲುಪೇಟೆ ತಲುಪಿದಾಗ ಬಿಸಿಲು ಬಂದಿತ್ತು. ಬಸ್ ನಿಲ್ದಾಣದ ಬಳಿ ಮಲಯಾಳಿಯೊಬ್ಬರ ಅಂಗಡಿಯಲ್ಲಿ ಚಹಾ ಕುಡಿದು, ನೇಂದ್ರ ಬಾಳೆಹಣ್ಣಿನ ಬಜ್ಜಿ ತಿಂದು, ಮೈಸೂರು ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಪಕ್ಕದ್ದು ನಂಜನಗೂಡಿನವರೆಗೂ ಖಾಲಿ ಇತ್ತು.

ನೀವೂ ಆ ರಸ್ತೆಯಲ್ಲಿ ಓಡುವುದಾದರೆ ಕೆಲವು ಮಾತು. ಚೆಂಡುಹೂವು ಬೇಕಿದ್ದರೆ ಮಳೆಗಾಲದಲ್ಲಿ ಹೋಗಿ. ಬೆಳಕು ಹರಿದ ಕೂಡಲೇ ಹೊರಡಿ. ರಸ್ತೆಯ ಬಲಬದಿಗೆ ಓಡಿ, ಎದುರಿನ ಲಾರಿ ಕಣ್ಣಿಗೆ ಬೀಳುತ್ತದೆ. ನೀರು ಹೊತ್ತುಕೊಳ್ಳಿ, ನಡುವೆ ಅಂಗಡಿ ಕಡಿಮೆ. ಒಬ್ಬರೇ ಮಾತ್ರ ಹೋಗಬೇಡಿ. ಜೊತೆಗೆ ಯಾರೂ ಸಿಗದಿದ್ದರೆ ನನ್ನ ಅಂಗಡಿಗೆ ಬಂದು ಕೇಳಿ, ಏನನ್ನೂ ಕೊಳ್ಳಬೇಕಾಗಿಲ್ಲ. ಸರೋಜಾ ಎಂದು ಕರೆದರೆ ಸಾಕು, ಬಾಗಿಲು ಹಾಕಿ ಬರುತ್ತೇನೆ.