ಇಳಿಯುವ ಸದ್ದು

ಮನೆ ಮುಂದಿನ ಕಟ್ಟೆಗೆ ಹಾಸುಗಲ್ಲು ನೋಡಲೆಂದು ಮೊನ್ನೆ ಇಳಕಲ್ಲಿನ ಪಾಲಿಶ್ ಕಾರ್ಖಾನೆಗೆ ಹೋಗಿದ್ದೆ. ಕೆಲಸಗಾರನೊಬ್ಬ ಯಂತ್ರದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಲ್ಲು ಮರೆತೇಹೋಯಿತು... "ವಿಮಾನದ ವಾಸನಿ ಇದ ನೋಡಲೇ" ಎನ್ನುತ್ತಿದ್ದ ಪಕ್ಕದ ಮನೆಯ ಕಾಕಾ ಕಣ್ಮುಂದೆ ಬಂದರು.

ದೂರದ ವಾಯುನೆಲೆಯೊಂದರಲ್ಲಿ ವಿಮಾನ ಸಜ್ಜು ಮಾಡಿ ಕಳಿಸುವುದು ಅವರ ಕೆಲಸವಾಗಿತ್ತು. ಅವರು ಸೇರಿದಾಗ ಅಲ್ಲಿಂದ ಯುದ್ಧವಿಮಾನಗಳು ಗಡಿಗೆ ಹೋಗುತ್ತಿದ್ದವು. ಆಮೇಲೆ ಅದು ಹುಡುಗರಿಗೆ ಹಾರಲು ಕಲಿಸುವ ಜಾಗವಾಯಿತು. ಹೊಳೆ ಉಕ್ಕಿ ಊರುಗಳು ಮುಳುಗಿದಾಗ ಅಲ್ಲಿಂದಲೇ ಹೆಲಿಕಾಪ್ಟರುಗಳೆದ್ದವು. "ಬಾಂಬ್ ಇಟ್ಟ ಜಾಗಾದಾಗ ರೊಟ್ಟಿ ಗಂಟು ಇಟ್ವಿ" ಎಂದು ಕಾಕಾ ನಗುತ್ತಿದ್ದರು. ತಾವು ಕಳಿಸಿದ ವಿಮಾನ ಇಳಿಯುವ ತನಕ ಅವರು ಬುತ್ತಿ ಬಿಚ್ಚುತ್ತಿರಲಿಲ್ಲವಂತೆ.

ಕಾಕಾ ನಿವೃತ್ತರಾಗಿ ಊರಿಗೆ ಮರಳಿದಾಗ ನಾನೋ ಊರನ್ನೇ ಅಣಕಿಸುವ ಹುಡುಗ. ಬಸ್ ಕಂಡಕ್ಟರು, ಸೀರೆ ಅಂಗಡಿ ಸಾವಕಾರರು, ಯಾರೂ ಸಿಗದಿದ್ದರೆ ಒಡಕು ದನಿಯ ನಾನೇ. ಒಂದು ಸಂಜೆ ತಮ್ಮ ಮನೆ ಕಟ್ಟೆಯ ಮೇಲೆ ಕೂತು ಕಾಕಾ ಕೇಳಿದರು, "ಎಲ್ಲಾರದೂ ಮಾಡ್ತಿ. ವಿಮಾನ ಮಾಡು ನೋಡೂಣು."

ಗಂಟಲು ಹರಿಯುವಂತೆ ಮಾಡಿದೆ. ಕಾಗೆಗಳು ಹಾರಿದವು. ಅವರ ಹೆಂಡತಿ ಕಾಕು ಸೌಟು ಹಿಡಿದೇ ಓಡಿಬಂದರು. ಕಾಕಾ ಮಾತ್ರ ನಗಲಿಲ್ಲ.

"ಏರೂದು ಯಾರರೆ ಮಾಡ್ತಾರ. ಇಳಿಯೂದು ಮಾಡಲೇ ಮಂಗ್ಯಾ."

ಇಂಜಿನ್ನುಗಳ ನಡುವೆ ಅವರ ಕಿವಿ ಸವೆದಿತ್ತು. ಅದಕ್ಕೇ ನನ್ನ ಎದೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ನಾನು ದನಿ ಇಳಿಸುತ್ತ ಬಂದೆ... ಅಂಗೈ ಮೆಲ್ಲಗೆ ಸರಿಯಿತು.

"ಇಲ್ಲೋ ತಮ್ಮಾ, ಇನ್ನೂ ಮ್ಯಾಲ ಐತಿ." ಆಕಾಶ ನೋಡುತ್ತ ಹೇಳಿದರು, "ಒಂದು ವಿಮಾನ ತಿರುಗಿ ಬರಲಿಲ್ಲ. ನಿನ್ನಷ್ಟ ಹುಡುಗ ಇದ್ದ. ನಾನ ಬೆಲ್ಟ್ ಬಿಗದು ಕಳಿಸಿದ್ದೆ."

ಅಂದಿನಿಂದ ದಿನಾ ಸಂಜೆ ಅದೇ ನಮ್ಮ ಕೆಲಸ. ನಗಿಸಲು ಹೊರಟವನಿಗೆ ನಗು ಬರುತ್ತಿರಲಿಲ್ಲ. "ಊಟಾ ಆರತೈತ್ರಿ" ಎಂದು ಒಳಗಿನಿಂದ ಕಾಕು ಕೂಗುತ್ತಿದ್ದರು. ಕಾಕಾ ಏಳುತ್ತಿರಲಿಲ್ಲ. "ಇನ್ನೂ ಮ್ಯಾಲ ಐತಿ..." ಒಂದು ಚಳಿಗಾಲ ಕಾಕಾ ಹೋಗಿಬಿಟ್ಟರು. ಆ ಸದ್ದು ನನಗೆ ಒಲಿದೇ ಇರಲಿಲ್ಲ.

ಮೊನ್ನೆ ಕಾರ್ಖಾನೆಯಲ್ಲಿ ಕರೆಂಟು ಹೋಯಿತು. ಕಲ್ಲು ಉಜ್ಜುತ್ತಿದ್ದ ದೊಡ್ಡ ಚಕ್ರದ ಕಿರುಚಾಟ ತೆಳ್ಳಗಾಗಿ, ಗುಂಯ್ ಎಂದು, ನಿಟ್ಟುಸಿರಾಗಿ, ಕೊನೆಗೆ ನೆಲಕ್ಕೆ ತಾಗಿದ ಹಾಗೆ ನಿಂತಿತು. ಎದೆಯ ಮೇಲೆ ನನ್ನದೇ ಅಂಗೈ ಇಟ್ಟು ಕಣ್ಣು ಮುಚ್ಚಿ ಆ ಸದ್ದು ಮಾಡಿದೆ. ಬಂತು, ಹಾಗೇ ಬಂತು.

ಊರಿಗೆ ಬಂದು ಕಾಕಾನ ಕಟ್ಟೆಯ ಮುಂದೆ ನಿಂತೆ. ಅವರು ಕೂರುತ್ತಿದ್ದ ಜಾಗ ಖಾಲಿ ಇತ್ತು. ಆದರೂ ಹೇಳಿದೆ:

"ಇಳೀತ್ರಿ ಕಾಕಾ. ಊಟಾ ಮಾಡ್ರಿ."